‘ತುಂಬಾ ಚೆನ್ನಾಗಿತ್ತು’ ಅಂದರೆ ಏನಾಗಿತ್ತು?

ರಜೆ ಮುಗಿಸಿ ಶಾಲೆಗೆ ಮರಳಿದ ಮಕ್ಕಳಿಗೆ ಜೂನ್‌ನಲ್ಲಿ ಸಿಗುವ ಮೊದಲ ಹೋಮ್‌ವರ್ಕು ‘ನಾನು ರಜೆ ಕಳೆದ ಬಗೆ’. ಅರಳು ಹುರಿದಂತೆ ಮಾತಾಡುವ ಮಗು ನೋಟ್‌ಬುಕ್ ತೆರೆದೊಡನೆ ಮಾತಿಗೆ ಬಡವಾಗುತ್ತದೆ. ಅಪ್ಪ ಅಮ್ಮ ಆಗ ಡಿಕ್ಷನರಿ ಹುಡುಕುತ್ತಾರೆ. ಬೇಕಾದ ಪದ ಮಗುವಿನ ಬಾಯಲ್ಲೇ ಇರುತ್ತದೆ!

ಹೊರಗೆ ಮಳೆ ಹಿಡಿದಿದೆ. ಊಟದ ಮೇಜಿನ ಮೇಲೆ ಗೆರೆ ನೋಟ್‌ಬುಕ್ ಹರವಿಕೊಂಡು ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಪೆನ್ಸಿಲಿನ ತುದಿ ಕಚ್ಚುತ್ತಿದ್ದಾನೆ. ಅವನನ್ನು ಪುಟ್ಟ ಎನ್ನೋಣ. ಮುಕ್ಕಾಲು ಗಂಟೆಯಲ್ಲಿ ಬರೆದದ್ದು ಐದೇ ಸಾಲು:

‘ನಾನು ರಜೆಯಲ್ಲಿ ಅಜ್ಜಿಯ ಊರಿಗೆ ಹೋದೆನು. ಅಲ್ಲಿ ತುಂಬಾ ತೆಂಗಿನ ಮರಗಳು ಇದ್ದವು. ನಾನು ತುಂಬಾ ಆಟ ಆಡಿದೆನು. ಅಜ್ಜಿ ತುಂಬಾ ತಿಂಡಿ ಮಾಡಿದರು. ನನಗೆ ತುಂಬಾ ಖುಷಿಯಾಯಿತು.’

ಐದು ಸಾಲಿಗೆ ನಾಲ್ಕು ‘ತುಂಬಾ’.

ಅಷ್ಟರಲ್ಲಿ ಫೋನು ಬಂತು. ಆ ಕಡೆ ಚಿಕ್ಕಪ್ಪನ ಮಗ. ಪುಟ್ಟ ಪೆನ್ಸಿಲು ಬಿಸಾಕಿ ಶುರುಮಾಡಿದ: ‘ಲೋ, ತಾತನ ಜೊತೆ ಅಟ್ಟ ಹತ್ತಿದ್ದೆ ಕಣೋ! ಕಾಯಿ ರಾಶಿ ಬಿದ್ದಿತ್ತು. ತಾತ ಒಂದೊಂದೇ ಎತ್ಕೊಂಡು ಕಿವಿ ಹತ್ರ ಅಲ್ಲಾಡಿಸೋರು. ಲೊಡಲೊಡ ಅಂದ್ರೆ ಒಳಗೆ ಗಿಟುಕು ಆಗಿದೆ ಅಂತ. ಇಳಿಯುವಾಗ ಏಣಿ ಕಿರ್ ಅಂತು, ಎದೆ ಡವಡವ ಅನ್ನೋಕೆ ಶುರುವಾಯ್ತು ನೋಡು...’

ತಿಪಟೂರು ಸೀಮೆಯ ತೋಟದ ಮನೆಗಳಲ್ಲಿ ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಲು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು ಉಂಡೆ ಕೊಬ್ಬರಿಯಾದಾಗ ಅಲ್ಲಾಡಿಸಿದರೆ ಸದ್ದು ಬರುತ್ತದೆ. ಒಂದು ಕೃಷಿಯ ವಿದ್ಯೆಯನ್ನೇ ಹುಡುಗ ‘ಲೊಡಲೊಡ’ ಎಂಬ ಒಂದು ಮಾತಿನಲ್ಲಿ ದಾಟಿಸಿಬಿಟ್ಟ. ನೋಟ್‌ಬುಕ್ಕಿನಲ್ಲಿ ಮಾತ್ರ ಅಟ್ಟವೂ ಇಲ್ಲ, ತಾತನೂ ಇಲ್ಲ, ಗಿಟುಕೂ ಇಲ್ಲ.

ಇದು ಪುಟ್ಟನೊಬ್ಬನ ಪಾಡಲ್ಲ. ‘ನಮ್ಮ ಮಗುಗೆ ವೊಕ್ಯಾಬುಲರಿ ಕಮ್ಮಿ’ ಎಂದು ಶಾಲೆಯ ಪೋಷಕರ ಸಭೆಯಲ್ಲಿ ಹೇಳುವವರು ಮಗು ಫೋನಿನಲ್ಲಿ ಮಾತಾಡುವುದನ್ನು ಕಿವಿಗೊಟ್ಟು ಕೇಳಿರುವುದಿಲ್ಲ. ಪದಗಳ ಕೊರತೆ ಇದ್ದೀತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ತೊಡಕು ಬೇರೆಯದು. ಬರೆಯುವ ಕನ್ನಡವೇ ಬೇರೆ, ಅದರೊಳಗೆ ತನ್ನ ಮಾತಿಗೆ ಪ್ರವೇಶವಿಲ್ಲ ಎಂದು ಮಗು ಎರಡನೇ ಕ್ಲಾಸಿಗೇ ತೀರ್ಮಾನಿಸಿರುತ್ತದೆ. ‘ಹೋದೆ’ ಎನ್ನುವ ಬಾಯಿ ಕಾಗದದ ಮೇಲೆ ‘ಹೋದೆನು’ ಎನ್ನುವುದು ಅದಕ್ಕೇ. ಮಾತು ಯೂನಿಫಾರ್ಮ್ ತೊಟ್ಟು ಸಾಲಿನಲ್ಲಿ ಕೈಕಟ್ಟಿ ನಿಲ್ಲುತ್ತದೆ.

ಆನಂದತುಂದಿಲನಾದ ಬಾಲಕ

ಇಂಥ ಐದು ಸಾಲು ಕಂಡಾಗ ದೊಡ್ಡವರು ಮಾಡುವ ಮೊದಲ ಕೆಲಸ, ಸಣ್ಣ ಪದ ತೆಗೆದು ದೊಡ್ಡ ಪದ ತುರುಕುವುದು. ‘ಖುಷಿಯಾಯಿತು’ ಹೋಗಿ ‘ಆನಂದತುಂದಿಲನಾದೆನು’ ಬರುತ್ತದೆ. ತೆಂಗಿನ ತೋಟ ‘ನಯನಮನೋಹರ’ವಾಗಿ ‘ಕಂಗೊಳಿಸುತ್ತದೆ’. ಅಜ್ಜಿಯ ಊರು ‘ಪ್ರಕೃತಿ ಮಾತೆಯ ಮಡಿಲು’.

ನವೆಂಬರ್‌ನಲ್ಲಿ ರಾಜ್ಯೋತ್ಸವದ ಪ್ರಬಂಧ ಸ್ಪರ್ಧೆಗಳ ಕಾಗದದ ಕಟ್ಟು ತಿರುವಿದವರಿಗೆ ಈ ಭಾಷೆ ಗೊತ್ತು. ಹತ್ತು ವರ್ಷದ ಮಕ್ಕಳು ಅರವತ್ತು ದಾಟಿದವರಂತೆ ಬರೆದಿರುತ್ತಾರೆ. ಗೈಡುಗಳ ಪಾಲು ಇದರಲ್ಲಿದೆ, ರಾತ್ರಿ ಕೂತು ಬರೆದುಕೊಟ್ಟ ಅಪ್ಪಂದಿರದ್ದೂ ಇದೆ. ಈಗಂತೂ ಮೊಬೈಲಿಗೆ ವಿಷಯ ಹೇಳಿದರೆ ಅದೇ ಪೀಠಿಕೆ, ಅದೇ ಉಪಸಂಹಾರ ಎರಡು ನಿಮಿಷದಲ್ಲಿ ತಯಾರು.

ಸಂಸ್ಕೃತದ ಪದ ಬೇಡ ಎಂಬ ಹಟ ನನಗಿಲ್ಲ. ತನಗೆ ಬೇಕಾಗಿ ಹುಡುಕಿಕೊಂಡ ಪದ ಮಗುವಿಗೆ ದಕ್ಕುತ್ತದೆ. ಬೇರೆಯವರು ತುರುಕಿದ ಪದ ಆ ಪ್ರಬಂಧದ ಜೊತೆಗೇ ತೀರಿಹೋಗುತ್ತದೆ. ‘ಆನಂದತುಂದಿಲ’ ಎಂದು ಬರೆದ ಹುಡುಗನಿಗೆ ಅದರಲ್ಲಿರುವ ‘ತುಂದಿಲ’ ಏನೆಂದು ಕೇಳಿ ನೋಡಿ. ಡೊಳ್ಳುಹೊಟ್ಟೆ ಎಂದು ಗೊತ್ತಾದರೆ ಬಿದ್ದು ಬಿದ್ದು ನಗುತ್ತಾನೆ. ಆಮೇಲೆ ಮರೆಯುವುದಿಲ್ಲ, ಆ ಮಾತು ಬೇರೆ.

ಪುಟ್ಟನ ಅಮ್ಮ ಡಿಕ್ಷನರಿ ತೆಗೆಯಲಿಲ್ಲ. ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ ಕೇಳಿದರು:

‘ಅಜ್ಜಿ ಏನೇನು ತಿಂಡಿ ಮಾಡಿದ್ರು ಪುಟ್ಟಾ?’

‘ಚಕ್ಕುಲಿ, ರವೆಉಂಡೆ, ಒಬ್ಬಟ್ಟು.’

‘ಚಕ್ಕುಲಿ ಹೇಗೆ ಮಾಡಿದ್ರು?’

‘ಒರಳಿಗೆ ಹಿಟ್ಟು ತುಂಬಿ ಒತ್ತಿದ್ರು. ನಾನೂ ಒತ್ತಿದೆ, ಕೈ ನೋವು ಬಂತು.’

‘ಉಂಡೆ?’

‘ಉಂಡೆ ಕಟ್ಟಿದ್ರು. ನಾನು ಕಟ್ಟಿದ್ದು ನಿಲ್ಲಲೇ ಇಲ್ಲಮ್ಮ, ಪುಡಿಪುಡಿ.’

‘ಒಬ್ಬಟ್ಟು?’

‘ಬಾಳೆ ಎಲೆ ಮೇಲೆ ತಟ್ಟಿದ್ರು.’

‘ಮತ್ತೆ ಇಲ್ಲಿ ಬರೀ ಮಾಡಿದರು ಅಂತ ಬರೆದಿದ್ದೀಯಲ್ಲ?’

ಪುಟ್ಟ ತಲೆಯೆತ್ತಿ ಕೇಳಿದ: ‘ಹಾಗೆಲ್ಲಾ ಬರೀಬಹುದಾ?’

ಬರೆದ. ‘ಅಜ್ಜಿ ಚಕ್ಕುಲಿ ಒತ್ತಿದರು, ಒಬ್ಬಟ್ಟು ತಟ್ಟಿದರು. ನಾನೂ ರವೆಉಂಡೆ ಕಟ್ಟಿದೆ. ಅಜ್ಜಿ ಕಟ್ಟಿದ ಉಂಡೆ ಗುಂಡಗಿತ್ತು. ನನ್ನದು ಡಬ್ಬಿಗೆ ಹೋಗುವ ಮೊದಲೇ ಪುಡಿಯಾಯಿತು.’ ಇದರಲ್ಲಿ ‘ತುಂಬಾ’ ಇಲ್ಲ, ‘ಖುಷಿ’ಯೂ ಇಲ್ಲ. ಆದರೂ ಹುಡುಗ ಖುಷಿಯಾಗಿದ್ದನೆಂದು ಓದಿದವರಿಗೆ ಗೊತ್ತಾಗುತ್ತದೆ.

‘ಮಾಡು’ ನುಂಗಿದ ಅಡುಗೆಮನೆ

ಮಗುವಿನ ಬರಹ ತಿದ್ದಲು ಕೂತವರು ಸಾಮಾನ್ಯವಾಗಿ ವಿಶೇಷಣಗಳ ಬೆನ್ನು ಹತ್ತುತ್ತಾರೆ. ಸುಂದರವಾದ, ಮನೋಹರವಾದ, ರಮಣೀಯವಾದ. ನಾನು ಕ್ರಿಯಾಪದದಿಂದ ಶುರುಮಾಡಿ ಎನ್ನುತ್ತೇನೆ. ಕನ್ನಡದ ಕಸುವು ಅಲ್ಲಿದೆ.

ಅಡುಗೆಮನೆಯನ್ನೇ ನೋಡಿ. ಪ್ರತಿ ತಿನಿಸಿಗೂ ಅದರದ್ದೇ ಕ್ರಿಯೆ. ದೋಸೆ ಹೊಯ್ಯುತ್ತಾರೆ, ಹಪ್ಪಳ ಲಟ್ಟಿಸುತ್ತಾರೆ, ಸಂಡಿಗೆ ಇಡುತ್ತಾರೆ. ಮುದ್ದೆ ತೊಳಸುತ್ತಾರೆ, ಶಾವಿಗೆ ಒತ್ತುತ್ತಾರೆ. ಹಿಟ್ಟು ನಾದಬೇಕು, ಕಾಳು ಹುರಿಯಬೇಕು, ಬೋಂಡ ಕರಿಯಬೇಕು, ಗಂಜಿ ಬಸಿಯಬೇಕು. ಚಟ್ನಿ ರುಬ್ಬಿದರೆ ಖಾರದ ಪುಡಿ ಕುಟ್ಟುವುದು. ರಾಗಿ ಬೀಸಿದರೆ ಮೊಸರು ಕಡೆಯುವುದು. ಅಕ್ಕಿಯನ್ನು ಮೊರದಲ್ಲಿ ಕೇರಿ, ಹಿಟ್ಟನ್ನು ಜರಡಿ ಹಿಡಿದು, ಕಾಫಿಯನ್ನು ಸೋಸಿ...

ಈ ಸಾಲಿನ ಎಷ್ಟು ಪದಗಳು ನಗರದ ಮಗುವಿನ ಕಿವಿಗೆ ಬೀಳುತ್ತವೆ? ಮಿಕ್ಸ್ ಮಾಡು, ಫ್ರೈ ಮಾಡು, ಗ್ರೈಂಡ್ ಮಾಡು, ಕಟ್ ಮಾಡು, ಫಿಲ್ಟರ್ ಮಾಡು. ಇಂಗ್ಲಿಷ್ ಬಂತೆಂದು ಗೋಳಾಡುವುದು ನನ್ನ ಉದ್ದೇಶವಲ್ಲ. ಬಸ್ಸು, ಪೆನ್ನು, ಕುಕ್ಕರು ನಮ್ಮವೇ ಆಗಿವೆ, ಇರಲಿ. ನಷ್ಟವಾಗಿರುವುದು ಬೇರೆ ಕಡೆ: ಇಂಗ್ಲಿಷ್ ಪದದ ಬಾಲಕ್ಕೆ ‘ಮಾಡು’ ಕಟ್ಟುವ ಅಭ್ಯಾಸ ಬಲಿತಂತೆ, ಒಂದೇ ಕ್ರಿಯಾಪದ ಉಳಿದವನ್ನೆಲ್ಲ ನುಂಗಿಹಾಕಿದೆ. ಮಗುವಿನ ಪ್ರಬಂಧದಲ್ಲಿ ಎಲ್ಲರೂ ಎಲ್ಲವನ್ನೂ ‘ಮಾಡು’ತ್ತಿರುತ್ತಾರೆ.

ಇದಕ್ಕೆ ಮದ್ದು ಪದಪಟ್ಟಿ ಉರುಹೊಡೆಸುವುದಲ್ಲ. ಭಾನುವಾರ ಮಗುವನ್ನು ಅಡುಗೆಮನೆಗೆ ಕರೆದು ಕೆಲಸ ಹಚ್ಚಿ. ಕೆಲಸ ಹೇಳುವಾಗ ಸರಿಯಾದ ಮಾತು ಬಳಸಿ, ಸಾಕು. ಕೈಗೆ ಅಂಟಿದ ಹಿಟ್ಟಿನ ಜೊತೆ ‘ನಾದು’ ಕೂಡ ಅಂಟಿಕೊಳ್ಳುತ್ತದೆ.

> ಕತ್ತಿ ಒಂದೇ, ಮಾತು ಹಲವು
>
> ‘ಕಟ್ ಮಾಡು’ ಎಂಬಲ್ಲಿ ಕನ್ನಡ ಬಾಯಿಗಳು ಹೇಳುವುದು:
>
> ತರಕಾರಿ ಹೆಚ್ಚು. ಭತ್ತ ಕೊಯ್ಯು. ಕಬ್ಬು ಕಡಿ. ಬಟ್ಟೆ ಕತ್ತರಿಸು. ಸೌದೆ ಸೀಳು. ಬೇಲಿಯ ಸೊಪ್ಪು ಸವರು. ಉಗುರು ತೆಗೆ.
>
> ಕತ್ತಿ ಬೇಡದ ಕೆಲಸಗಳು: ಮಲ್ಲಿಗೆ ಬಿಡಿಸು. ಕಡಲೆಕಾಯಿ ಸುಲಿ. ನೆನೆದ ಅವರೆಕಾಳು ಹಿದುಕು. ಕಳೆ ಕೀಳು. ಬಳ್ಳಿಯ ಕುಡಿ ಚಿವುಟು.

ಒಂದು ಅಂಕಕ್ಕೆ ಕಲಿತು ಮರೆತದ್ದು

ಇನ್ನು ಆ ‘ತುಂಬಾ’. ಒಂದು ವಾರ ಅದನ್ನು ಮನೆಯಿಂದ ಗಡೀಪಾರು ಮಾಡಿ ನೋಡಿ. ಹೇಳಿದವರು ಡಬ್ಬಿಗೆ ಒಂದು ರೂಪಾಯಿ ಹಾಕಬೇಕು, ದೊಡ್ಡವರೂ ಸೇರಿ. ಮೊದಲ ದಿನ ಅಪ್ಪನ ಜೇಬೇ ಖಾಲಿಯಾಗುವುದು ಖಂಡಿತ.

‘ತುಂಬಾ’ ಇಲ್ಲದೆ ಹೆಚ್ಚುಗಾರಿಕೆ ಹೇಳುವ ಚೆಂದದ ದಾರಿಯೊಂದು ನಮ್ಮ ನುಡಿಯಲ್ಲೇ ಇದೆ. ಪದದ ಮೊದಲ ಸದ್ದನ್ನು ಒತ್ತಿ ಇಮ್ಮಡಿಸುವುದು. ತುದಿ ತುತ್ತತುದಿಯಾಗುತ್ತದೆ, ನಡು ನಟ್ಟನಡುವಾಗುತ್ತದೆ. ಬಯಲು ಬಟ್ಟಬಯಲು, ಮೊದಲು ಮೊಟ್ಟಮೊದಲು, ಕಡೆ ಕಟ್ಟಕಡೆ, ಹಸಿರು ಹಚ್ಚಹಸಿರು. ‘ತುಂಬಾ ದೂರದಲ್ಲಿ ಒಂದು ಕಾಗೆ ಇತ್ತು’ ಎನ್ನುವುದಕ್ಕೂ ‘ಮರದ ತುತ್ತತುದಿಯಲ್ಲಿ ಕಾಗೆ ಕೂತಿತ್ತು’ ಎನ್ನುವುದಕ್ಕೂ ಇರುವ ಅಂತರವನ್ನು ಮಗುವಿಗೆ ವಿವರಿಸುವ ಅಗತ್ಯವೇ ಇಲ್ಲ. ಎರಡನ್ನೂ ಗಟ್ಟಿಯಾಗಿ ಓದಿಸಿದರೆ ಆಯಿತು.

ತಮಾಷೆಯೆಂದರೆ ಇವನ್ನು ಮಕ್ಕಳು ಶಾಲೆಯಲ್ಲಿ ಕಲಿತೇ ಇರುತ್ತಾರೆ! ವ್ಯಾಕರಣದ ಪಾಠದಲ್ಲಿ ದ್ವಿರುಕ್ತಿ, ಜೋಡುನುಡಿ, ನುಡಿಗಟ್ಟು, ಅನುಕರಣಾವ್ಯಯ ಎಲ್ಲ ಬರುತ್ತವೆ. ‘ಧಗಧಗ’ ಯಾವ ವ್ಯಾಕರಣಾಂಶಕ್ಕೆ ಉದಾಹರಣೆ? ಸರಿಯಾಗಿ ಟಿಕ್ ಮಾಡಿದರೆ ಒಂದು ಅಂಕ. ಅದೇ ಮಗು ಎರಡು ಪುಟ ತಿರುವಿ ಪ್ರಬಂಧಕ್ಕೆ ಬಂದಾಗ ‘ಬೆಂಕಿಯು ತುಂಬಾ ಜೋರಾಗಿ ಉರಿಯಿತು’ ಎಂದು ಬರೆಯುತ್ತದೆ. ವ್ಯಾಕರಣ ಒಂದು ವಿಭಾಗ, ಪ್ರಬಂಧ ಇನ್ನೊಂದು ವಿಭಾಗ. ನಡುವಿನ ಬಾಗಿಲು ತೆರೆಯಬೇಕೆಂದು ಯಾರಿಗೂ ಹೊಳೆದಂತಿಲ್ಲ.

ಸದ್ದನ್ನು ಅನುಕರಿಸುವ ಈ ಪದಗಳು ಚಿಕ್ಕಮಕ್ಕಳ ಆಟಿಕೆಯೇನಲ್ಲ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅವುಗಳಿಗೆ ಜಾಗ ಕೊಟ್ಟಿದ್ದಾನೆ. ಸ್ಕೂಲ್ ಇನ್‌ಸ್ಪೆಕ್ಟರಾಗಿ ಶಾಲೆಯಿಂದ ಶಾಲೆಗೆ ತಿರುಗಿದ ಪಂಜೆ ಮಂಗೇಶರಾಯರು (1874–1937) ‘ತೆಂಕಣ ಗಾಳಿಯಾಟ’ದಲ್ಲಿ ಗಾಳಿಯನ್ನು ಬೀಸಿಸಿದ್ದೇ ಇಂಥ ಸದ್ದುಗಳಿಂದ. ಅದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿಸಿ. ಅರ್ಥ ಹೇಳಲು ಹೋಗಬೇಡಿ. ಕೆಸರು ಪಚಪಚ, ಒಣ ಎಲೆ ಚರಚರ, ಹಸಿದ ಹೊಟ್ಟೆ ಚುರುಚುರು ಎಂದು ಮಗು ತಾನೇ ಮುಂದುವರಿಸುತ್ತದೆ. ಅತಿಯಾಗಿ ಸುರಿದರೆ? ಸುರಿಯಲಿ. ಬರಡು ಬರಹಕ್ಕಿಂತ ಸದ್ದಿನ ಬರಹ ತಿದ್ದುವುದು ಸುಲಭ.

ಅವ್ವ ರೊಟ್ಟಿ ಬಡಿದಳು

ಇಲ್ಲೊಂದು ಸೂಕ್ಷ್ಮವಿದೆ. ಧಾರವಾಡ ಕಡೆಯ ಹುಡುಗಿಯೊಬ್ಬಳು ‘ಅವ್ವ ನಸುಕಿನ್ಯಾಗ ಎದ್ದು ರೊಟ್ಟಿ ಬಡಿದಳು’ ಎಂದು ಬರೆದಳೆನ್ನಿ. ಕೆಂಪು ಮಸಿಯ ಪೆನ್ನು ‘ಅವ್ವ’ನನ್ನು ‘ತಾಯಿ’ ಮಾಡುತ್ತದೆ, ‘ನಸುಕಿನ್ಯಾಗ’ ಹೋಗಿ ‘ಮುಂಜಾನೆ’ ಬರುತ್ತದೆ, ‘ಬಡಿದಳು’ ಹೋಗಿ ‘ತಯಾರಿಸಿದಳು’ ಬರುತ್ತದೆ. ಕಾಗುಣಿತ ಸರಿ, ವ್ಯಾಕರಣ ಸರಿ. ಕೊಣಮಿಗೆಯಲ್ಲಿ ಜೋಳದ ಹಿಟ್ಟಿನ ಮೇಲೆ ಅಂಗೈ ಬೀಳುವ ಸದ್ದು ಮಾತ್ರ ಅಳಿಸಿಹೋಯಿತು.

‘ನಸುಕಿನ್ಯಾಗ’ವನ್ನು ‘ನಸುಕಿನಲ್ಲಿ’ ಎಂದು ತಿದ್ದಿದರೆ ತಕರಾರಿಲ್ಲ. ಎಲ್ಲ ಕಡೆಯವರೂ ಓದುವ ಬರಹಕ್ಕೆ ಒಂದು ಒಪ್ಪಿತ ರೂಪ ಬೇಕು, ಅದನ್ನು ಕಲಿಸಲೇಬೇಕು. ಆದರೆ ಪ್ರತ್ಯಯ ತಿದ್ದುವುದು ಒಂದು, ಪದವನ್ನೇ ಕಿತ್ತುಕೊಳ್ಳುವುದು ಇನ್ನೊಂದು. ನಸುಕು, ಅವ್ವ, ಬಡಿ, ಮೂರೂ ಒಪ್ಪವಾದ ಕನ್ನಡವೇ. ದೇವನೂರ ಮಹಾದೇವ ‘ಒಡಲಾಳ’, ‘ಕುಸುಮಬಾಲೆ’ಗಳನ್ನು ತಮ್ಮ ಸೀಮೆಯ ಮಾತಿನಲ್ಲೇ ಕಟ್ಟಿದರು. ಅಂಥವನ್ನು ಮೆಚ್ಚಿ ಓದುವ ನಾವು ಮೂರನೇ ಕ್ಲಾಸಿನ ಮಗುವಿಗೆ ಮಾತ್ರ ಮನೆಮಾತು ಬಿಟ್ಟು ಬಾ ಎನ್ನುತ್ತೇವೆ.

ಮನೆಯಲ್ಲಿ ತುಳು, ಉರ್ದು, ಲಂಬಾಣಿ, ತೆಲುಗು ಆಡುವ ಮಕ್ಕಳ ಕತೆ ಇನ್ನೂ ಕಷ್ಟದ್ದು. ಬಾಯಲ್ಲಿರುವ ಪದವೇ ಕನ್ನಡದ್ದಲ್ಲ. ಅಂಥ ಮಗು ತನ್ನ ಮನೆಯ ಪದವನ್ನು ಹಾಗೇ ಬರೆದು, ಮುಂದಿನ ಸಾಲಿನಲ್ಲಿ ಅದೇನೆಂದು ಕನ್ನಡದಲ್ಲಿ ವಿವರಿಸಲಿ. ಮೀನಿನ ಹೆಸರೋ ಹಬ್ಬದ ಉಡುಪಿನ ಹೆಸರೋ ಇದ್ದಂತೆ ಇರಲಿ. ವಿವರಿಸುವ ಆ ಒಂದು ಸಾಲಿನಲ್ಲಿ ಕಲಿಯುವ ಕನ್ನಡ, ಹತ್ತು ಸಮಾನಾರ್ಥಕ ಪದ ಬಾಯಿಪಾಠ ಮಾಡಿದರೂ ಬರುವುದಿಲ್ಲ.

> ನಿಘಂಟು ಬೇಕೇ? ಹೀಗೆ ನೋಡಿ
>
> ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಬಾಸೆಲ್ ಮಿಷನ್ನಿನಿಂದ ಮಂಗಳೂರಿನಲ್ಲಿ ಪ್ರಕಟವಾದದ್ದು 1894ರಲ್ಲಿ. ಸುಮಾರು 70,000 ಪದಗಳು, ಜೊತೆಗೆ ಜನರ ಬಾಯಿಂದ ಬಂದ ಗಾದೆಗಳು.
>
> ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ–ಕನ್ನಡ ನಿಘಂಟು ಎಂಟು ಸಂಪುಟಗಳದ್ದು. ಪ್ರತಿ ಪದಕ್ಕೂ ಕೃತಿಗಳಿಂದ ಆಯ್ದ ಪ್ರಯೋಗಗಳಿವೆ. ಮಗುವಿಗೆ ತೋರಿಸಬೇಕಾದ್ದು ಅರ್ಥಕ್ಕಿಂತ ಈ ಪ್ರಯೋಗವನ್ನು.
>
> ಈ ನಿಘಂಟಿಗೆ ದುಡಿದ ಜಿ. ವೆಂಕಟಸುಬ್ಬಯ್ಯನವರು (1913–2021) ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪದಪ್ರಶ್ನೆಗಳಿಗೆ ವರ್ಷಗಟ್ಟಲೆ ಉತ್ತರಿಸಿದರು.
>
> ಮೊಬೈಲಿನಲ್ಲೇ ನೋಡುವುದಾದರೆ ವಿ. ಕೃಷ್ಣ ಅವರ ‘ಅಲರ್’ ಇದೆ. 2019ರಿಂದ ಉಚಿತವಾಗಿ ಸಿಗುತ್ತಿದೆ.

ಹಕ್ಕಿ ಯಾವುದು? ಮರ ಯಾವುದು?

‘ಮರದ ಮೇಲೆ ಒಂದು ಹಕ್ಕಿ ಇತ್ತು.’ ಮಕ್ಕಳ ಬರಹದಲ್ಲಿ ಈ ಮರ, ಈ ಹಕ್ಕಿ ಎಂದಿನಿಂದಲೂ ಇವೆ. ಅದು ಹೊಂಗೆಯೋ ಹುಣಸೆಯೋ, ಪಿಕಳಾರವೋ ಕೆಂಬೂತವೋ ಎಂದು ಗೊತ್ತಾದ ದಿನ ವಾಕ್ಯ ಬದಲಾಗುತ್ತದೆ. ಕೆಂಬೂತ ಮರದ ಮೇಲೆ ಸುಮ್ಮನೆ ‘ಇರುವ’ ಹಕ್ಕಿಯಲ್ಲ, ಪೊದೆಯೊಳಗೆ ನುಸುಳುತ್ತದೆ, ನೆಲದ ಮೇಲೆ ಹೆಜ್ಜೆ ಹಾಕುತ್ತದೆ. ಹೆಸರು ಸರಿಯಾದರೆ ಕ್ರಿಯಾಪದ ತಾನೇ ಹಿಂದೆ ಬರುತ್ತದೆ.

ಶಿವರಾಮ ಕಾರಂತರು 1930ರ ದಶಕದಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ ಬರೆದಾಗ ಮಕ್ಕಳ ಕೈಗೆ ಕೊಟ್ಟದ್ದು ಹೆಸರುಗಳ ಈ ಲೋಕವನ್ನೇ. ಇವತ್ತಿನ ಮಗುವಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ ಓದಿ ಹೇಳಬಹುದು. ಹಕ್ಕಿ, ನಾಯಿ, ಕಾಡು ಎಲ್ಲ ಇರುವ ಆ ಗದ್ಯದಲ್ಲಿ ಅಲಂಕಾರ ಹುಡುಕಿದರೂ ಸಿಗುವುದು ಕಷ್ಟ. ‘ಇಷ್ಟು ಸುಲಭವಾಗಿ ಬರೆದರೂ ಪುಸ್ತಕ ಆಗುತ್ತಾ?’ ಎಂದು ಮಗು ಕೇಳಿದರೆ ಅರ್ಧ ಕೆಲಸ ಮುಗಿದಂತೆ.

ಜೂನ್ ನೇರಳೆ ಹಣ್ಣಿನ ಕಾಲ. ಒಂದು ಬೊಗಸೆ ತಂದು ಮಗುವಿನ ಮುಂದಿಡಿ. ‘ಚೆನ್ನಾಗಿದೆ’ ಎನ್ನಕೂಡದು ಎಂಬುದೊಂದೇ ಷರತ್ತು. ಸಿಹಿಯ ಹಿಂದೆ ಬರುವ ಒಗರು, ನಾಲಿಗೆ ದಪ್ಪವಾದಂತೆ ಆಗುವುದು, ಬೆರಳಿಗೆ ಹತ್ತಿದ ಕಲೆ. ಒಗಟು ಕಟ್ಟಲೂ ಹೇಳಬಹುದು, ಹೆಸರು ಹೇಳದೆ ವಸ್ತು ಕಾಣಿಸುವ ಆಟವದು. ನಮ್ಮ ಅಜ್ಜಿಯರು ಕರೆಂಟಿಲ್ಲದ ರಾತ್ರಿ ಮೊಮ್ಮಕ್ಕಳಿಗೆ ಪದಸಂಪತ್ತು ಹಂಚುತ್ತಿದ್ದದ್ದು ಹೀಗೇ.

ಕೆಂಪು ಮಸಿ ಪಕ್ಕಕ್ಕಿರಲಿ

ತಿದ್ದುವುದಕ್ಕೂ ಒಂದು ಹದ ಬೇಕು. ಮಗು ಬರೆಯುತ್ತಿರುವಾಗ ಹೆಗಲ ಮೇಲಿಂದ ಬಗ್ಗಿ ನೋಡಬೇಡಿ. ಬರೆದು ಮುಗಿಸಿದ ಮೇಲೆ ಮೊದಲು ಕಾಗುಣಿತಕ್ಕೆ ಕೈಹಾಕಿದರಂತೂ ಎಲ್ಲ ಕೆಟ್ಟಿತು. ‘ಗಿಟುಕು’ ಎಂದು ಧೈರ್ಯ ಮಾಡಿ ಬರೆದ ಹುಡುಗನಿಗೆ ‘ತೋಟಕ್ಕೆ ಟ ಸರಿಯಾಗಿ ಬರಿ’ ಎಂದಿರೋ, ಮುಂದಿನ ಸಲ ಅವನು ತನಗೆ ಬರೆಯಲು ಬರುವ ಪದಗಳನ್ನಷ್ಟೇ ಬಳಸುತ್ತಾನೆ. ತಪ್ಪಾಗದ, ಉಪ್ಪು ಖಾರವೂ ಇಲ್ಲದ ಐದು ಸಾಲು ಮತ್ತೆ ಬರುತ್ತದೆ.

ಇಡೀ ಪುಟದಲ್ಲಿ ಒಂದೇ ವಾಕ್ಯ ಆರಿಸಿಕೊಳ್ಳಿ. ಅದನ್ನು ಮಗುವೇ ಗಟ್ಟಿಯಾಗಿ ಓದಲಿ. ‘ಇದು ಹೇಗಿತ್ತು, ನನಗೆ ಕಾಣಿಸಲಿಲ್ಲ’ ಎನ್ನಿ. ಬಾಯಲ್ಲಿ ಬಂದ ಉತ್ತರವನ್ನೇ ಬರೆಯಲು ಹೇಳಿ. ಚೆನ್ನಾಗಿ ಬಂದ ವಾಕ್ಯವಿದ್ದರೆ ಅದರ ಕೆಳಗೊಂದು ಗೆರೆ ಎಳೆದು, ಯಾವ ಪದ ಹಿಡಿಸಿತು ಎಂದು ಹೇಳಿ. ‘ಗುಡ್’, ‘ವೆರಿ ಗುಡ್’ ಎನ್ನುವುದೂ ಒಂದು ಬಗೆಯ ‘ತುಂಬಾ ಚೆನ್ನಾಗಿತ್ತು’ ತಾನೇ?

ಇಷ್ಟೆಲ್ಲ ಕೇಳಿದ ಮೇಲೆ ಪೋಷಕರು ಕೇಳುವ ಪ್ರಶ್ನೆ ಒಂದಿದೆ. ‘ಇದರಿಂದ ಮಾರ್ಕ್ಸ್ ಬರುತ್ತಾ?’

ಪ್ರಶ್ನೆ ನ್ಯಾಯವಾದದ್ದೇ. ಹತ್ತನೇ ತರಗತಿಯಲ್ಲಿ ‘ಗ್ರಂಥಾಲಯಗಳ ಮಹತ್ವ’ ಎಂಬ ಪ್ರಬಂಧ ಕೇಳಿದಾಗ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಇರಲೇಬೇಕು. ಆ ಚೌಕಟ್ಟು ಮುರಿಯಲು ಹೇಳುವುದು ಮಗುವಿಗೆ ಮಾಡುವ ಅನ್ಯಾಯ. ಚೌಕಟ್ಟಿನ ಒಳಗೆ ಬರೆಯಲು ಜಾಗ ಧಾರಾಳವಾಗಿದೆ. ಗ್ರಂಥಾಲಯ ಜ್ಞಾನದ ಭಂಡಾರ ಎಂಬ ಸಾಲನ್ನು ಮೌಲ್ಯಮಾಪಕರು ಬೆಳಿಗ್ಗೆಯಿಂದ ಓದುತ್ತಲೇ ಇರುತ್ತಾರೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಶುರುವಾಯಿತೆಂಬ ಮಾಹಿತಿಯೂ ಕೆಲವು ಉತ್ತರಗಳಲ್ಲಿ ಇದ್ದೀತು. ಆ ಕಟ್ಟಿನ ನಡುವೆ ಒಂದು ಹುಡುಗಿ ತನ್ನ ಕಣ್ಣಿಗೆ ಕಂಡದ್ದನ್ನು ಇದ್ದಹಾಗೆ ಬರೆದರೆ ಕೆಂಪು ಪೆನ್ನು ಅಲ್ಲೊಮ್ಮೆ ನಿಲ್ಲುತ್ತದೆ:

‘ನಮ್ಮೂರ ಗ್ರಂಥಾಲಯದ ಬೀಗ ಬೆಳಿಗ್ಗೆ ಹತ್ತಕ್ಕೆ ತೆಗೆದು ಸಂಜೆ ನಾಲ್ಕೂವರೆಗೆ ಬೀಳುತ್ತದೆ. ನಮ್ಮ ಶಾಲೆಯದ್ದೂ ಅದೇ ಟೈಮು.’